ಅರ್ಧ ಪರದೆಯ ಮುಖ

“ಸ್ವಲ್ಪ ಹೊತ್ತು ನಗಬೇಡ ತಾಯಿ, ಪೌಡರ್ ಬಿರುಕು ಬಿಡ್ತಿದೆ,” ಎಂದು ಬಣ್ಣದಣ್ಣ ಒದ್ದೆ ಸ್ಪಂಜನ್ನು ಮತ್ತೊಮ್ಮೆ ಅವಳ ಕೆನ್ನೆಗೆ ಒತ್ತಿದ.

ಸುದ್ದಿವಾಹಿನಿಯ ಮೇಕಪ್ ಕೋಣೆಯಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಮಂತ್ರಿಗಳ ಬೋಳುತಲೆಯ ಹೊಳಪು ಇಳಿಸುವುದರಿಂದ ಹಿಡಿದು ಹವಾಮಾನ ಹೇಳುವ ಹುಡುಗಿಯ ಕಣ್ಣಡಿಯ ಕಪ್ಪು ಅಡಗಿಸುವವರೆಗೆ ಎಲ್ಲ ಅವನ ಕೈಯಲ್ಲೇ ಆಗಬೇಕು. ಆದರೆ ಇವಳ ಮುಖಕ್ಕೆ ಅವನು ಇಷ್ಟು ಹೊತ್ತು ಹೆಣಗಿದ್ದು ಇದೇ ಮೊದಲು. ಇವಳು ಸನ್ನೆ ಭಾಷೆಯ ಅನುವಾದಕಿ. ಇಷ್ಟು ವರ್ಷ ಪರದೆಯ ಬಲಮೂಲೆಯಲ್ಲಿ, ಹೆಬ್ಬೆರಳು ಇಟ್ಟರೆ ಮುಚ್ಚಿಹೋಗುವಂಥ ಪೆಟ್ಟಿಗೆಯೊಳಗೆ ನಿಂತು, ಸುದ್ದಿ ಓದುವವರ ಮಾತನ್ನು ಕೈಯಲ್ಲಿ ಹೇಳಿದವಳು. ಅಷ್ಟು ಚಿಕ್ಕ ಪೆಟ್ಟಿಗೆಗೆ ಯಾರು ಬಣ್ಣ ಹಚ್ಚುತ್ತಾರೆ? ಬಾಗಿಲಲ್ಲೇ ನಿಲ್ಲಿಸಿ ಒಂದಿಷ್ಟು ಪೌಡರ್ ತಟ್ಟಿ ಕಳಿಸಿಬಿಡುತ್ತಿದ್ದ.

ಇವತ್ತು ಹಾಗಲ್ಲ. ಚುನಾವಣೆಗೆ ನಿಂತ ಇಬ್ಬರು ಮುಖ್ಯ ಅಭ್ಯರ್ಥಿಗಳ ಚರ್ಚೆ ಇನ್ನು ಹತ್ತು ದಿನಕ್ಕೆ, ಭಾನುವಾರ ಮಧ್ಯಾಹ್ನ, ನೇರಪ್ರಸಾರವಾಗುವುದಿತ್ತು. ಅವತ್ತು ಪರದೆಯ ಅರ್ಧ ಅವರಿಗೆ, ಅರ್ಧ ಇವಳಿಗೆ. ಅದು ಸುಮ್ಮನೆ ಸಿಕ್ಕಿದ್ದಲ್ಲ. ಅವಳ ಅಮ್ಮ ಹುಟ್ಟಿನಿಂದ ಕಿವುಡಿ. ಊರಿನ ಕಿವುಡರ ಸಂಘದಲ್ಲಿ ಅಮ್ಮನ ಮಾತು ನಡೆಯುತ್ತಿತ್ತು. ಮೂಲೆಯ ಪೆಟ್ಟಿಗೆಯಲ್ಲಿ ಕೈ ಕಾಣುತ್ತೆ, ಮುಖ ಕಾಣಲ್ಲ, ಮುಖ ಇಲ್ಲದ ಸುದ್ದಿ ಅರ್ಧ ಸುದ್ದಿ ಎಂದು ಸಂಘದವರು ವಾಹಿನಿಗೆ ಹೇಳಿ ಹೇಳಿ ಸಾಕಾಗಿದ್ದರು. ಕೊನೆಗೆ ಅಮ್ಮ ಒಂದು ದಿನ ಸ್ವೆಟರ್ ಹೆಣೆಯುವ ಕಡ್ಡಿ ಹಿಡಿದುಕೊಂಡು ಬಂದು ವಾಹಿನಿಯ ಸ್ವಾಗತಕಕ್ಷೆಯಲ್ಲಿ ಕೂತಳು. ಮರುದಿನವೂ ಬಂದಳು. ಸ್ವೆಟರಿನ ತೋಳು ಮುಗಿದು ಹೆಣಿಗೆ ಕುತ್ತಿಗೆಯ ಹತ್ತಿರ ಬರುವಷ್ಟರಲ್ಲಿ ಸುದ್ದಿ ಮುಖ್ಯಸ್ಥ ತಾನೇ ಇಳಿದು ಬಂದು, “ಒಂದು ಕಾರ್ಯಕ್ರಮಕ್ಕೆ ನೋಡೋಣ,” ಎಂದಿದ್ದ. ಸರಿಹೋದರೆ ದಿನದ ಸುದ್ದಿಗೂ ಅರ್ಧ ಪರದೆ. ಸರಿಹೋಗದಿದ್ದರೆ ಮತ್ತೆ ಹೆಬ್ಬೆರಳಿನ ಪೆಟ್ಟಿಗೆ.

ಪರೀಕ್ಷೆಗೆಂದು ಅವಳನ್ನು ದೀಪಗಳ ಕೆಳಗೆ ನಿಲ್ಲಿಸಿ ಚಿತ್ರೀಕರಿಸಿದರು. ಆಮೇಲೆ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಅವಳ ಮುಖ ಬಂತು, ಬಾಗಿಲಷ್ಟು ದೊಡ್ಡದಾಗಿ.

ಅವಳು ಮೊದಲು ಕೈ ನೋಡಿಕೊಂಡಳು. ಕೈ ಚೆನ್ನಾಗಿತ್ತು. ಆಮೇಲೆ ಮುಖ ನೋಡಿದಳು. ಹದಿಹರೆಯದ ಮೊಡವೆ ಬಿಟ್ಟುಹೋದ ಗುಳಿಗಳು ಇದ್ದವು, ಅವು ಅವಳಿಗೆ ಹಳೆಯ ಪರಿಚಯ. ಗೊತ್ತಿಲ್ಲದ್ದು ಉಳಿದದ್ದು. ಮೂಗಿನ ಪಕ್ಕ ಒಣಗಿ ಎದ್ದ ಹೊಟ್ಟು, ಕೆನ್ನೆಯ ನವಿರುಕೂದಲಿಗೆ ಅಂಟಿಕೊಂಡ ಪೌಡರು, ಪಕ್ಕದ ದೀಪಕ್ಕೆ ಅದರ ಒಂದೊಂದು ಕಣವೂ ಎದ್ದು ಕಾಣುತ್ತಿತ್ತು. ಹುಬ್ಬು ಏರಿಸಿದಾಗ ಹಣೆಯ ಮೇಲಿನ ಬಣ್ಣ ಸುಣ್ಣ ಎದ್ದ ಗೋಡೆಯ ಹಾಗೆ ಪದರ ಬಿಟ್ಟಿತು.

ಸುದ್ದಿ ಮುಖ್ಯಸ್ಥ ಕೆಟ್ಟವನಲ್ಲ. ಅದಕ್ಕೇ ಹೇಳಲು ಒದ್ದಾಡಿದ. “ಕೆಲಸದ ಬಗ್ಗೆ ಮಾತೇ ಇಲ್ಲ ಮೇಡಂ. ಆದ್ರೆ ಈಗಿನ ಕ್ಯಾಮೆರಾ ನೋಡಿ, ಇದ್ದದ್ದೂ ಇಲ್ದಿದ್ದೂ ತೋರಿಸ್ಬಿಡುತ್ತೆ. ಮೇಲಿನವರು ನೋಡೋದು ಇದನ್ನೇ. ಏನಾದ್ರೂ ಸ್ವಲ್ಪ... ಮಾಡಿಸ್ಕೊಳ್ಳೋಕೆ ಆಗುತ್ತಾ?”

“ತಪ್ಪು ನನ್ನ ಪೌಡರ್‌ದಲ್ಲ,” ಎಂದ ಬಣ್ಣದಣ್ಣ ಹಿಂದಿನಿಂದ.

“ನನ್ನ ಕೆನ್ನೇದು,” ಎಂದಳು ಅವಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಮೇಲೆ ನಗು ಇಳಿಯಿತು. ಗಾಜಿನಲ್ಲಿ ತನ್ನ ಮುಖ ಕಾಣದ ಹಾಗೆ ಸ್ವಲ್ಪ ಮುಂದಕ್ಕೆ ಸರಿದು ಕೂತಳು.

*

ತಂಗಿಗೆ ಹೇಳಿದ್ದೇ ತಡ, ಮರುದಿನಕ್ಕೆ ಚರ್ಮದ ಡಾಕ್ಟರ ಹತ್ತಿರ ಸಮಯ ನಿಗದಿಯಾಯಿತು. ತಂಗಿ ದೊಡ್ಡ ಅಂಗಡಿಯೊಂದರಲ್ಲಿ ಸುಗಂಧ ಮಾರುವವಳು. ಯಾವ ಮುಖಕ್ಕೆ ಏನು ಬೇಕೆಂದು ಕೇಳದಿದ್ದರೂ ಹೇಳುವವಳು. ಅಕ್ಕನ ವಿಷಯದಲ್ಲಿ ಅವಳು ಇಪ್ಪತ್ತು ವರ್ಷದಿಂದ ಬಾಯಿ ಕಟ್ಟಿಕೊಂಡಿದ್ದಳು. ಈಗ ಕಟ್ಟು ಬಿಚ್ಚಿತು.

“ಆಸಿಡ್ ಪೀಲೇ ಮಾಡಿಸು ಅಕ್ಕ. ಒಂದೇ ಸಲಕ್ಕೆ ಹಳೇ ಚರ್ಮ ಪೂರ್ತಿ ಎದ್ದು ಹೋಗುತ್ತೆ. ನಮ್ಮ ಅಂಗಡಿಯ ಮ್ಯಾನೇಜರಮ್ಮ ಮಾಡಿಸ್ಕೊಂಡ್ರು. ಈಗ ಅವರ ಕೆನ್ನೆ ಮೇಲೆ ನೊಣ ಕೂತ್ರೆ ಜಾರುತ್ತೆ.”

ಡಾಕ್ಟರು ಗಟ್ಟಿ ದನಿಯ, ಕತ್ತರಿಸಿದ ನರೆಗೂದಲಿನ ಹೆಂಗಸು. ದೀಪವಿದ್ದ ಭೂತಗನ್ನಡಿಯನ್ನು ಎಳೆದು ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿದರು. ಏನು ಹಚ್ಚುತ್ತೀರಿ, ಬಿಸಿಲಲ್ಲಿ ಎಷ್ಟು ಹೊತ್ತು ಇರುತ್ತೀರಿ, ಗಾಯವಾದರೆ ಕಪ್ಪು ಕಲೆ ಉಳಿಯುತ್ತದಾ ಎಂದೆಲ್ಲ ಕೇಳಿದರು. ಉಳಿಯುತ್ತದೆ, ತಿಂಗಳುಗಟ್ಟಲೆ, ಎಂದಳು ಅವಳು.

“ನೋಡಿ, ಮೊದ್ಲೇ ಹೇಳ್ಬಿಡ್ತೀನಿ. ಗುಳಿಗಳು ಆಳದವು. ಅವಕ್ಕೆ ಬೇರೆ ದಾರಿ, ತುಂಬಾ ದಿನ ಬೇಕು. ಈಗ ನಾವು ಮಾತಾಡ್ತಿರೋದು ಮೇಲಿನ ಸತ್ತ ಪದರದ ಬಗ್ಗೆ. ಅದನ್ನ ತೆಗೆಯೋಕೆ ನನ್ನ ಹತ್ರ ಮೂರು ದಾರಿ ಇದೆ.”

ಒಂದು, ಪೀಲ್. ಆಸಿಡ್ ಹಚ್ಚಿದರೆ ಚರ್ಮ ಬಿಗಿದು, ಕಂದಿ, ಸಿಪ್ಪೆಯಾಗಿ ಉದುರುತ್ತದೆ. ಹಗುರದ್ದು ಹಚ್ಚಿದರೆ ಸ್ವಲ್ಪ, ಜೋರಿನದ್ದು ಹಚ್ಚಿದರೆ ವಾರವಿಡೀ. ಇನ್ನೊಂದು, ವಜ್ರದ ಪುಡಿ ಮೆತ್ತಿದ ತುದಿಯ ಯಂತ್ರ; ಅದು ಉಜ್ಜುತ್ತಾ ಹೋಗುತ್ತದೆ, ಜೊತೆಗೇ ಉದುರಿದ್ದನ್ನು ಹೀರಿಕೊಳ್ಳುತ್ತದೆ. ಮತ್ತೊಂದು, ಬ್ಲೇಡು. ಶಸ್ತ್ರಚಿಕಿತ್ಸೆಯ ಸಣ್ಣ ಬ್ಲೇಡನ್ನು ಓರೆ ಹಿಡಿದು, ಹೊಟ್ಟನ್ನೂ ನವಿರುಕೂದಲನ್ನೂ ಒಟ್ಟಿಗೆ ಕೆರೆದು ತೆಗೆಯುವುದು.

“ಬ್ಲೇಡಾ!” ತಂಗಿ ಎದೆ ಮೇಲೆ ಕೈ ಇಟ್ಟುಕೊಂಡಳು. “ಡಾಕ್ಟ್ರೇ, ಆಮೇಲೆ ಅಕ್ಕಂಗೆ ಗಡ್ಡ ಬಂದ್ರೆ?”

“ಬಂದ್ರೆ ನನ್ನ ಹತ್ರ ಕಳ್ಸಿ, ಬೋರ್ಡ್ ತೆಗೆದು ಕ್ಷೌರದಂಗಡಿ ಹಾಕ್ತೀನಿ,” ಎಂದರು ಡಾಕ್ಟರು. “ಕೂದಲು ಇದ್ದ ಹಾಗೇ ಬರುತ್ತೆ. ದಪ್ಪ ಆಗಲ್ಲ.”

“ಜೋರಿನ ಪೀಲ್ ಮಾಡಿಸಿದ್ರೆ ಚರ್ಚೆಯ ಹೊತ್ತಿಗೆ ಸರಿಹೋಗುತ್ತಾ?” ಎಂದು ಅವಳು ಕೇಳಿದಳು. ದನಿಯಲ್ಲಿದ್ದ ಆಸೆ ಅವಳಿಗೇ ಕೇಳಿಸಿತು.

ಡಾಕ್ಟರು ಕನ್ನಡಿ ಪಕ್ಕಕ್ಕೆ ಸರಿಸಿದರು. “ಲೆಕ್ಕದಲ್ಲಿ ಸರಿಹೋಗಬಹುದು. ಆದ್ರೆ ಆ ವಾರ ಮುಖ ಜಾಸ್ತಿ ಆಡಿಸೋ ಹಾಗಿಲ್ಲ. ಜೋರಾಗಿ ನಗೋದು, ಹುಬ್ಬು ಏರಿಸೋದು, ಬಾಯಿ ಅಗಲಿಸೋದು ಯಾವುದೂ ಬೇಡ. ಹೊತ್ತಿಗೆ ಮುಂಚೆ ಬಿರಿದ್ರೆ ನಿಮ್ಮಂಥ ಚರ್ಮಕ್ಕೆ ಕಲೆ ಕೂತ್ಕೊಳ್ಳುತ್ತೆ. ನಾನಾದ್ರೆ ಇಷ್ಟು ಹತ್ತಿರದಲ್ಲಿ ಕಾರ್ಯಕ್ರಮ ಇಟ್ಕೊಂಡು ಮಾಡಲ್ಲ. ಬೇಕೇ ಬೇಕು ಅಂದ್ರೆ ನಾಳೆ ಬೆಳಿಗ್ಗೆ ಬನ್ನಿ, ಒಂದು ರಾತ್ರಿ ಯೋಚ್ನೆ ಮಾಡಿ.”

ಹೊರಗೆ ಬಂದಮೇಲೆ ತಂಗಿ ಅವಳ ತೋಳು ಹಿಡಿದಳು. “ಒಂದು ವಾರ ಸುಮ್ನಿರು ಅಕ್ಕ, ಅಷ್ಟೇ ತಾನೇ? ದಿನದ ಸುದ್ದಿಗೆ ಇನ್ನೊಬ್ಬರು ಬರ್ತಾರೆ. ಜನ್ಮದಲ್ಲಿ ಒಂದ್ಸಲ ನಿನಗೋಸ್ಕರ ಏನಾದ್ರೂ ಮಾಡ್ಕೋ.”

ಅವಳು ತಲೆಯಾಡಿಸಿದಳು. ತಂಗಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳಿಗೆ ಆ ಮುಖ ಬೇಕಿತ್ತು. ವಾಹಿನಿಗಾಗಿ ಎನ್ನುವುದು ಅರ್ಧ ಮಾತು. ಕಿವುಡರಲ್ಲಿ ಪ್ರತಿಯೊಬ್ಬರಿಗೂ ಸನ್ನೆಯಲ್ಲೊಂದು ಹೆಸರಿರುತ್ತದೆ. ನೋಡಿದ ತಕ್ಷಣ ಯಾವುದು ಕಣ್ಣಿಗೆ ಬೀಳುತ್ತದೋ ಅದೇ ಹೆಸರು. ಹದಿನಾರರ ವಯಸ್ಸಿನಲ್ಲಿ ಸಂಘದವರು ಅವಳಿಗೆ ಕೊಟ್ಟ ಹೆಸರು, ಕೆನ್ನೆಯ ಮೇಲೆ ಬೆರಳ ತುದಿಗಳನ್ನು ಮಳೆಹನಿಯಂತೆ ತಟ್ಟುವುದು. ಮೊಡವೆಯವಳು. ಪ್ರೀತಿಯಿಂದಲೇ ಇಟ್ಟದ್ದು. ಸಂಘದ ಬಾಗಿಲಲ್ಲಿ ಅವಳು ಕಂಡರೆ ಇಡೀ ಕೋಣೆ ಕೆನ್ನೆ ತಟ್ಟಿಕೊಂಡು ನಗುತ್ತಿತ್ತು. ಅವಳೂ ನಗುತ್ತಿದ್ದಳು. ಆದರೂ ಯಾರದಾದರೂ ನುಣುಪು ಕೆನ್ನೆ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತರೆ ಅವಳ ಕಣ್ಣು ಅಲ್ಲೇ ಹೋಗುತ್ತಿತ್ತು.

*

ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಬಟಾಣಿ ಬಿಡಿಸುತ್ತಾ ಕೂತಿದ್ದಳು. ಮಗಳು ಎದುರಿಗೆ ಕೂತು ಮೂರು ದಾರಿಗಳನ್ನೂ ಕೈಯಲ್ಲಿ ವಿವರಿಸಿದಳು. ಆ ಮನೆಯಲ್ಲಿ ಬಾಯಿಮಾತಿಗಿಂತ ಮೊದಲು ಕೈಮಾತು ಬಂದದ್ದು. ಅಪ್ಪನೂ ಕಿವುಡ, ಈಗಿಲ್ಲ. ಅಮ್ಮ ಬಟಾಣಿ ಬಿಟ್ಟು ನೋಡಿದಳು. ಬ್ಲೇಡೆಂದಾಗ ಮೂಗು ಮುರಿದಳು. ವಜ್ರವೆಂದಾಗ, “ಉದುರಿದ ವಜ್ರ ನಮಗೆ ಕೊಡ್ತಾರಾ?” ಎಂದು ಕೇಳಿದಳು. ಪೀಲಿನ ವಿಷಯವನ್ನು ಕೊನೆಯವರೆಗೂ ಗಮನವಿಟ್ಟು ನೋಡಿದಳು.

“ಮಾಡಿಸ್ಕೋ,” ಎಂದವು ಅಮ್ಮನ ಕೈಗಳು. “ನುಣುಪು ಯಾರಿಗೆ ಬೇಡ? ಹೆಸರು ಬದಲಾಗಲ್ಲ ಅಷ್ಟೇ. ನಿನ್ನ ದೊಡ್ಡಪ್ಪ ನೋಡು, ಬಾಗಿಲಲ್ಲಿ ಅಡ್ಡಡ್ಡ ಬರ್ತಾನೆ, ಇವತ್ತಿಗೂ ಅವನ ಹೆಸರು ‘ಕಡ್ಡಿ’.” ಮತ್ತೆ ನಾಲ್ಕು ಬಟಾಣಿ ಬಿಡಿಸಿ ತಲೆ ಎತ್ತಿದಳು. “ಒಂದು ಕೇಳ್ತೀನಿ. ಆ ವಾರ ನನ್ನ ಜೊತೆ ಹೇಗೆ ಮಾತಾಡ್ತೀಯ?”

“ಕೈ ಇದೆಯಲ್ಲ.”

“ಮುಖ ಆಡಿಸ್ಬಾರದು ಅಂದ್ಯಲ್ಲ. ಎಲ್ಲಿ, ಮಾತಾಡು ನೋಡೋಣ.”

ಅವಳು ಬೆನ್ನು ನೆಟ್ಟಗೆ ಮಾಡಿ, ಮುಖವನ್ನು ಹಲಗೆಯ ಹಾಗೆ ಇಟ್ಟುಕೊಂಡು ಕೈ ಆಡಿಸಿದಳು: ನಿನ್ನದು ಊಟ ಆಯ್ತಾ?

“ಎಲ್ಲಿ ಆಯ್ತು? ಇನ್ನೂ ಆಗಿಲ್ಲ,” ಎಂದಳು ಅಮ್ಮ ಸಿಡುಕಿ.

“ಅಯ್ಯೋ, ಆಯ್ತಾ ಅಂತ ಕೇಳಿದ್ದು.”

“ಆಯ್ತು ಅಂತ ಹೇಳ್ದೆ ನೀನು! ಹುಬ್ಬು ಏರ್ಲಿಲ್ಲ.”

ಮತ್ತೆ ಶುರು ಮಾಡಿದರು. ನಾಳೆ ಸಂಘಕ್ಕೆ ಹೋಗ್ತೀಯಾ ಎಂದು ಮಗಳು ಕೇಳಿದರೆ, ಹೋಗು ಅಂತ ಅಪ್ಪಣೆ ಕೊಡೋಕೆ ನೀನ್ಯಾರು ಎಂದು ಅಮ್ಮ ರೇಗಿದಳು. ಸ್ವೆಟರ್ ತುಂಬಾ ಚೆನ್ನಾಗಿದೆ ಎಂದರೆ, ಇಷ್ಟ ಇಲ್ಲದಿದ್ದರೆ ಹಾಕ್ಕೋಬೇಡ ಬಿಡು ಎಂದಳು. ಇಬ್ಬರಿಗೂ ನಗು ಬಂತು. ಅಮ್ಮ ಮನಸಾರೆ ನಕ್ಕಳು. ಮಗಳು ಆಟದ ನಿಯಮಕ್ಕೆ ತಪ್ಪಬಾರದೆಂದು ತುಟಿ ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಳು. ಆಮೇಲೆ ಅದೇ ಬಿಗಿದ ಮುಖದಲ್ಲಿ, ಆಟ ಮುಗಿಸುವುದಕ್ಕೆಂದು, “ಅಪ್ಪ ಇದ್ದಿದ್ರೆ ನಕ್ಕು ನಕ್ಕು ಸುಸ್ತಾಗ್ತಿದ್ದರು,” ಎಂದಳು.

ಅಮ್ಮನ ನಗು ನಿಂತಿತು. ಅವಳು ಮಗಳ ಕೈಗಳನ್ನೂ ಮುಖವನ್ನೂ ಒಂದೆರಡು ಸಲ ನೋಡಿದಳು.

“ಬೇಡ, ನಿಲ್ಲಿಸು,” ಎಂದಳು. “ಕೈ ಮಾತಾಡ್ತಿದೆ. ನೀನು ಮನೆಯಲ್ಲಿಲ್ಲ.”

ಬಟಾಣಿಯ ಸಿಪ್ಪೆಯನ್ನು ಬಾಚಿ ಬುಟ್ಟಿಗೆ ಹಾಕುತ್ತಾ ಮಗಳು ಯೋಚಿಸಿದಳು. ಆ ವಾರ ಅಭ್ಯಾಸ ಮಾಡಬೇಕಿತ್ತು. ಇಬ್ಬರು ಅಭ್ಯರ್ಥಿಗಳ ಹಳೆಯ ಭಾಷಣ ಹಾಕಿಕೊಂಡು, ಅವರ ವೇಗಕ್ಕೆ, ವಕ್ರಮಾತಿಗೆ ಮುಖವನ್ನು ಪಳಗಿಸಬೇಕಿತ್ತು. ಆ ಅಭ್ಯಾಸ ಬಿಟ್ಟರೆ ಭಾನುವಾರ ಅವಳ ಬಳಿ ಉಳಿಯುವುದು ನುಣುಪು ಮಾತ್ರ. ಹಾಗೆಂದು ನುಣುಪಿನ ಆಸೆ ಬಿಡಲೂ ಮನಸ್ಸಿರಲಿಲ್ಲ. ಯಾಕೆ ಬಿಡಬೇಕು? ಮೂರರಲ್ಲಿ ಒಂದು ಹೋಯಿತು, ಇನ್ನೂ ಎರಡಿವೆ.

*

“ಪೀಲ್ ಬೇಡ,” ಎಂದಳು ಮರುದಿನ ಡಾಕ್ಟರ ಎದುರು. “ನಂಗೆ ಮುಖ ದಿನಾ ಬೇಕು. ಅದು ನನ್ನ ನಾಲಿಗೆ ಇದ್ದ ಹಾಗೆ.”

“ಮೊದ್ಲೇ ಹೇಳಿದ್ರೆ ಮೂರರ ಬದಲು ಎರಡೇ ವಿವರಿಸ್ತಿದ್ದೆ, ಬಾಯಿ ನೋವು ತಪ್ತಿತ್ತು,” ಎಂದು ಡಾಕ್ಟರು ನಕ್ಕರು. ತಂಗಿ ಮುಖ ಊದಿಸಿಕೊಂಡು ಕಿಟಕಿಯ ಕಡೆ ನೋಡಿದಳು.

ವಜ್ರದ ಯಂತ್ರವನ್ನು ಮೊದಲು ಕಿವಿಯ ಕೆಳಗೆ, ದವಡೆಯ ಅಂಚಿಗೆ ಸ್ವಲ್ಪ ಆಡಿಸಿ ನೋಡಿದರು. ಬೆಕ್ಕಿನ ನಾಲಿಗೆ ನೆಕ್ಕಿದಂತೆ ಒರಟಾಗಿ ಎಳೆಯಿತು. ಸಂಜೆಗೆ ಅಲ್ಲಿ ಕೆಂಪು ಪಟ್ಟೆ ಎದ್ದಿತು; ಮರುದಿನವೂ ಇಳಿಯಲಿಲ್ಲ. ಅವಳು ಫೋಟೊ ಕಳಿಸಿದಳು. ಡಾಕ್ಟರು ಫೋನ್ ಮಾಡಿ, “ನಿಮ್ಮ ಚರ್ಮಕ್ಕೆ ಆ ಹೀರೋದು ಹಿಡಿಸ್ತಿಲ್ಲ. ಬ್ಲೇಡಿಗೆ ಬನ್ನಿ. ಬುಧವಾರ ಇಟ್ಕೊಳ್ಳೋಣ, ಭಾನುವಾರಕ್ಕೆ ಆರಾಮ ಆಗಿರುತ್ತೆ,” ಎಂದರು.

ಅಷ್ಟು ದಿನವೂ ಅವಳು ಮಲಗುವ ಕೋಣೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು. ಅಮ್ಮ ಮಂಚದ ಮೇಲೆ ಕೂತು ತಪ್ಪು ತೋರಿಸಿದಳು. ಒಬ್ಬ ಅಭ್ಯರ್ಥಿ ವ್ಯಂಗ್ಯದ ಮನುಷ್ಯ. ಹೊಗಳಿದಂತೆ ಮಾಡಿ ಚುಚ್ಚುತ್ತಿದ್ದ. ಇನ್ನೊಬ್ಬರು ಪ್ರಶ್ನೆ ಬಂದಾಗೆಲ್ಲ ಎರಡು ಊರು ಸುತ್ತಿ ಬರುವ ಹೆಂಗಸು. “ಇವನ ಹೊಗಳಿಕೆಗೆ ತುಟಿಯ ಒಂದು ಮೂಲೆ ಮಾತ್ರ,” ಎಂದಳು ಅಮ್ಮ. “ಎರಡೂ ಮೂಲೆ ಎತ್ತಿದ್ರೆ ನಿಜವಾಗ್ಲೂ ಹೊಗಳಿದ ಹಾಗಾಗುತ್ತೆ.”

ಬುಧವಾರ ಅವಳು ಒರಗು ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಮಲಗಿದಳು. ತಂಗಿ ಮುನಿಸು ಮರೆತು ಕಾಲಿನ ಹತ್ತಿರ ನಿಂತು ಹೆಬ್ಬೆರಳು ಹಿಡಿದುಕೊಂಡಿದ್ದಳು, ಹೆರಿಗೆಕೋಣೆಯಲ್ಲಿ ನಿಂತವಳ ಹಾಗೆ. ಡಾಕ್ಟರು ಒಂದು ಕೈಯಿಂದ ಕೆನ್ನೆಯನ್ನು ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದರಲ್ಲಿ ಬ್ಲೇಡನ್ನು ಸಣ್ಣ ಸಣ್ಣದಾಗಿ ಆಡಿಸಿದರು. ನೋವಿರಲಿಲ್ಲ. ಒಣ ಎಲೆಯ ಮೇಲೆ ಉಗುರು ಎಳೆದಂಥ ಸದ್ದು ಮಾತ್ರ ಕಿವಿಯೊಳಗೆ ಕೇಳುತ್ತಿತ್ತು. ಗುಳಿಗಳ ಹತ್ತಿರ ಕೈ ನಿಧಾನವಾಗುತ್ತಿತ್ತು. ಆಮೇಲೆ ಬ್ಲೇಡು ಒರೆಸಿದ ಹತ್ತಿಬಟ್ಟೆಯನ್ನು ತೋರಿಸಿದರು. ಅದರ ಮೇಲೆ ಬೂದುಬಣ್ಣದ ನಯವಾದ ಹೊಟ್ಟು, ನವಿರುಕೂದಲು.

“ಇಷ್ಟನ್ನೂ ನಾನು ಹೊತ್ಕೊಂಡು ತಿರುಗ್ತಿದ್ನಾ?”

“ಎಲ್ರೂ ಹೊತ್ಕೊಂಡೇ ತಿರುಗೋದು. ಮುಟ್ಟಿ ನೋಡ್ಬೇಡಿ ಅಂದ್ರೆ ಕೇಳಲ್ಲ ನೀವು, ಒಂದೇ ಸಲ ಮುಟ್ಟಿ. ಬಿಸಿಲಿಗೆ ಹೋಗೋಕೆ ಮುಂಚೆ ಕ್ರೀಮ್ ಮರೀಬೇಡಿ.”

ಅವಳು ಕೈತೊಳೆದು ಕೆನ್ನೆ ಮುಟ್ಟಿದಳು. ಗುಳಿಗಳು ಅಲ್ಲೇ ಇದ್ದವು. ಅವುಗಳ ನಡುವಿನ ನೆಲ ಮಾತ್ರ ಬೇರೆಯಾಗಿತ್ತು. ನುಣುಪು, ತಂಪು, ಬೆರಳಿಗೆ ತಡೆಯೇ ಇಲ್ಲ. ಮೇಕಪ್ಪಿನಲ್ಲೂ ಸೋಪಿನಲ್ಲೂ ಎಷ್ಟೋ ವರ್ಷ ಹುಡುಕಿದ್ದು. ತಂಗಿ ಕೇಳದೆಯೇ ಕೈ ಚಾಚಿ ಮುಟ್ಟಿ, “ಅಕ್ಕಾ!” ಎಂದಳು. ಇಷ್ಟು ಹೊತ್ತು ಹಿಡಿದಿದ್ದ ಉಸಿರು ಆ ಒಂದು ಮಾತಿನಲ್ಲಿ ಹೊರಬಿತ್ತು.

ರಸ್ತೆಗೆ ಬಂದಾಗ ಗಾಳಿ ಬೀಸುತ್ತಿತ್ತು. ಕೆನ್ನೆಗೆ ಗಾಳಿ ತಾಗುವುದು ಇಷ್ಟು ಸ್ಪಷ್ಟವಾಗಿ ಗೊತ್ತಾದದ್ದು ಯಾವಾಗಲೆಂದು ಅವಳಿಗೆ ನೆನಪಿರಲಿಲ್ಲ. ಇಬ್ಬರೂ ಬಸ್ಸು ಹತ್ತದೆ ಮನೆಯವರೆಗೂ ನೆರಳು ಹುಡುಕಿಕೊಂಡು, ಮಕ್ಕಳ ಹಾಗೆ ಕೈ ಬೀಸಿಕೊಂಡು ನಡೆದರು.

*

ಭಾನುವಾರ ಬಣ್ಣದಣ್ಣ ಅವಳ ಮುಖದ ಮೇಲೆ ಕುಂಚ ಎಳೆದವನು ಅಲ್ಲೇ ನಿಂತ. ಮತ್ತೊಮ್ಮೆ ಎಳೆದ. “ಈಗ ನಗು ತಾಯಿ,” ಎಂದ. ಅವಳು ನಕ್ಕಳು. ಒಂದು ಗೆರೆಯೂ ಬಿರಿಯಲಿಲ್ಲ. “ಅಳು. ಸಿಟ್ಟು ಮಾಡ್ಕೋ. ಓಹೋ, ಹೋಗು, ಯಾರ ಮೇಲೆ ಬೇಕಾದ್ರೂ ಹೋಗು ಇನ್ನು!”

ಸ್ಟುಡಿಯೋದ ಬಾಗಿಲಲ್ಲಿ ಸುದ್ದಿ ಮುಖ್ಯಸ್ಥ ಕಾಯುತ್ತಿದ್ದ. ಅವಳ ಮುಖ ನೋಡಿ ಅವನ ಹಣೆಯ ಗಂಟು ಸಡಿಲವಾಯಿತು, ಮತ್ತೆ ಕೂಡಿಕೊಂಡಿತು. “ಎಲ್ಲ ಚೆನ್ನಾಗಿದೆ ಮೇಡಂ. ಒಂದೇ ಒಂದು ಮಾತು. ಮೇಲಿನವರು ಪರೀಕ್ಷೆಯ ಚಿತ್ರ ನೋಡಿದ್ರು. ಅರ್ಧ ಪರದೇಲಿ ಅಷ್ಟು ಭಾವ ಜಾಸ್ತಿ ಆಯ್ತು, ನೋಡೋರ ಗಮನ ಅಲ್ಲೇ ಹೋಗುತ್ತೆ ಅಂತಾರೆ. ಮುಖ ಸ್ವಲ್ಪ ಕಮ್ಮಿ ಆಡ್ಸಿದ್ರೆ...”

ಮೊದಲಾಗಿದ್ದರೆ ಅವಳು ನೋಡ್ತೀನಿ ಸಾರ್ ಎನ್ನುತ್ತಿದ್ದಳೇನೋ. ಆದರೆ ಬಟಾಣಿಯ ಮೇಜಿನ ಮುಂದೆ ಕೂತದ್ದು ಇನ್ನೂ ಹಸಿಯಾಗಿತ್ತು.

“ಮುಖ ಕಮ್ಮಿ ಮಾಡಿದ್ರೆ ಪ್ರಶ್ನೆಗಳೆಲ್ಲ ಉತ್ತರ ಆಗ್ಬಿಡ್ತವೆ ಸಾರ್. ವ್ಯಂಗ್ಯ ಮಾಡಿದ್ದು ಹೊಗಳಿದ ಹಾಗಾಗುತ್ತೆ. ಅಷ್ಟೂ ಜನಕ್ಕೆ ನಾವು ಸುಳ್ಳು ಹೇಳಿದ ಹಾಗೆ.”

“ನಂಗೆ ಅರ್ಥ ಆಗುತ್ತೆ, ಆದ್ರೆ...”

“ಮೂಲೆ ಪೆಟ್ಟಿಗೆಗೆ ಬೇಕಾದ್ರೆ ವಾಪಸ್ ಹೋಗ್ತೀನಿ. ಮುಖ ಬಿಟ್ಟು ನಿಲ್ಲಲ್ಲ.” ಅವಳಿಗೇ ಆಶ್ಚರ್ಯವಾಯಿತು.

ಅವನು ಬಾಗಿಲ ಮೇಲಿನ ಕೆಂಪು ದೀಪ ನೋಡಿದ. ಇನ್ನು ಸಮಯವಿರಲಿಲ್ಲ. “ನಿಂತ್ಕೊಳ್ಳಿ,” ಎಂದ. “ನಿಮ್ಮ ಥರಾನೇ ನಿಂತ್ಕೊಳ್ಳಿ. ಮೇಲಿನವರಿಗೆ ನಾನು ಹೇಳ್ಕೋತೀನಿ.”

ಚರ್ಚೆ ಶುರುವಾಯಿತು. ಅಭ್ಯರ್ಥಿಗಳು ಸ್ಟುಡಿಯೋದ ನಡುವೆ, ಅವಳು ಪಕ್ಕದಲ್ಲಿ ತನ್ನದೇ ದೀಪದ ಕೆಳಗೆ. ವ್ಯಂಗ್ಯದ ಮನುಷ್ಯ ಎದುರಾಳಿಯ ಕಡೆ ತಿರುಗಿ, “ಇವರಷ್ಟು ಪ್ರಾಮಾಣಿಕರನ್ನ ನಾನು ಕಂಡೇ ಇಲ್ಲ,” ಎಂದಾಗ ಅವಳ ತುಟಿಯ ಒಂದು ಮೂಲೆ ಮಾತ್ರ ಏರಿತು. ಮುಖ ಹೇಳಿದ ಹಾಗೆ ಕೇಳುತ್ತಿತ್ತು, ಎಲ್ಲೂ ಬಿಗಿಯಿಲ್ಲ, ಎಲ್ಲೂ ತುರಿಕೆಯಿಲ್ಲ. ಕೆಲವು ನಿಮಿಷ ಕಳೆದಮೇಲೆ ಅವಳು ಮುಖವನ್ನೇ ಮರೆತಳು.

ಆಮೇಲೆ ನಿರೂಪಕಿ ಸುತ್ತು ಬಳಸುವ ಹೆಂಗಸನ್ನು ಆಸ್ಪತ್ರೆಯ ವಿಷಯ ಕೇಳಿದಳು. ಹಿಂದಿನ ಸಲ ಗೆದ್ದಾಗ ಮಾತು ಕೊಟ್ಟಿದ್ದ ಆಸ್ಪತ್ರೆ. ಹೆಂಗಸು ರಸ್ತೆಗಳ ಬಗ್ಗೆ ಹೇಳಿದಳು, ಶಾಲೆಗಳ ಬಗ್ಗೆ ಹೇಳಿದಳು. ನಿರೂಪಕಿ ತಡೆದಳು. “ಒಂದೇ ಮಾತಲ್ಲಿ ಹೇಳಿ. ಆ ಆಸ್ಪತ್ರೆ ಕಟ್ಟಿದ್ರಾ?”

ಅನುವಾದಕಿಯ ಕೈಗಳು ಪ್ರಶ್ನೆ ಮುಗಿಸಿ ನಿಂತವು. ಹುಬ್ಬು ಏರಿತ್ತು, ಕಣ್ಣು ಅಗಲವಾಗಿತ್ತು, ಗದ್ದ ತುಸು ಮುಂದೆ ಬಂದಿತ್ತು. ಹೌದೋ ಇಲ್ಲವೋ ಎಂದು ಕೇಳುವ ಮುಖ ಅದು. ಉತ್ತರ ಬರುವವರೆಗೆ ಅದನ್ನು ಇಳಿಸುವ ಹಾಗಿಲ್ಲ.

ಉತ್ತರ ಬರಲಿಲ್ಲ. ಹೆಂಗಸು ನೀರಿನ ಲೋಟ ತೆಗೆದುಕೊಂಡಳು. ನಿರೂಪಕಿ ಸುಮ್ಮನಿದ್ದಳು. ಕೇಳುವ ಕಿವಿಗಳಿಗೆ ಪ್ರಶ್ನೆ ಆಗಲೇ ಗಾಳಿಯಲ್ಲಿ ಕರಗಿಹೋಗಿತ್ತು. ಪರದೆಯ ಅರ್ಧದಲ್ಲಿ ಮಾತ್ರ ಅದು ಹಾಗೇ ಇತ್ತು, ದೊಡ್ಡದಾಗಿ, ಮಿಸುಕದೆ, ಕಾಯುತ್ತಾ. ಅವಳು ರೆಪ್ಪೆ ಬಡಿಯಲಿಲ್ಲ. ಹಣೆಯ ಸ್ನಾಯು ಸಣ್ಣಗೆ ಉರಿಯತೊಡಗಿತು. ಅವಳು ಇಳಿಸಲಿಲ್ಲ.

ಹೆಂಗಸು ಲೋಟ ಇಟ್ಟು ತಲೆ ಎತ್ತಿದಳು. ಎದುರಿನ ಪರದೆಯಲ್ಲಿ ಅವಳಿಗೆ ತನ್ನ ಮುಖ ಕಂಡಿತು, ಅದರ ಪಕ್ಕದಲ್ಲಿ ಕೇಳುತ್ತಲೇ ಇದ್ದ ಇನ್ನೊಂದು ಮುಖ. ಆಕೆ ಬೇರೆ ಏನನ್ನೋ ಹೇಳಲು ಬಾಯಿ ತೆರೆದಳು. ಮುಚ್ಚಿದಳು.

“ಇಲ್ಲ,” ಎಂದಳು. “ಕಟ್ಟಲಿಲ್ಲ.”

ಹುಬ್ಬು ಇಳಿಯಿತು. ತಲೆ ಒಮ್ಮೆ ಅಡ್ಡ ಆಡಿತು. ಕೈಗಳು ಉತ್ತರವನ್ನು ಹೇಳಿದವು.

ಕಾರ್ಯಕ್ರಮ ಮುಗಿದಾಗ ನಿಯಂತ್ರಣ ಕೊಠಡಿಯಿಂದ ಸುದ್ದಿ ಮುಖ್ಯಸ್ಥ ಓಡಿಬಂದ. ಅಂಗಿಯ ಒಂದು ತುದಿ ಹೊರಗೆ ಬಂದಿತ್ತು. “ಫೋನಿನ ಮೇಲೆ ಫೋನು ಮೇಡಂ! ಆ ನಿಮಿಷವನ್ನೇ ಎಲ್ಲಾ ಕಡೆ ಹಾಕ್ತಿದ್ದಾರೆ. ಕಿವಿ ಕೇಳೋರೂ ನಿಮ್ಮನ್ನೇ ನೋಡ್ತಿದ್ರಂತೆ. ಮೇಲಿನವರು...” ಅವನು ಉಸಿರು ಎಳೆದುಕೊಂಡ. “ಗಮನ ಅಲ್ಲೇ ಹೋಯ್ತು, ಒಳ್ಳೇದಾಯ್ತು ಅಂದ್ರು. ನಾಳೆ ಸುದ್ದಿಯಿಂದಲೇ ಅರ್ಧ ಪರದೆ. ದಿನಾ.”

“ದಿನಾ?”

“ದಿನಾ!”

ಬಣ್ಣದಣ್ಣ ಕುಂಚವನ್ನು ಬಾವುಟದ ಹಾಗೆ ಎತ್ತಿ ಹಿಡಿದ. ಅವಳು ಗೋಡೆಗೆ ಒರಗಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಭುಜ ಕುಣಿಯುವಷ್ಟು ನಕ್ಕಳು.

*

ಬಣ್ಣ ತೊಳೆಯದೆಯೇ ಅವಳು ಸಂಘದ ಕಡೆ ಓಡಿದಳು. ಎರಡು ರಸ್ತೆ ಆಚೆ, ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಉದ್ದನೆಯ ಕೋಣೆ. ಅಮ್ಮನೂ ಸಂಗಡಿಗರೂ ಅಲ್ಲಿ ಸೇರಿ ಚರ್ಚೆ ನೋಡುವುದೆಂದು ಮಾತಾಗಿತ್ತು. ಮೆಟ್ಟಿಲು ಹತ್ತುವಾಗ ಅವಳು ಅಂದುಕೊಂಡಳು: ಬಾಗಿಲಲ್ಲಿ ಕಂಡ ಕೂಡಲೇ ಎಲ್ಲರೂ ತಿರುಗುತ್ತಾರೆ, ಕೈ ಎತ್ತಿ ಬೀಸುತ್ತಾರೆ, ಅಮ್ಮ ಎದ್ದು ಬರುತ್ತಾಳೆ.

ಯಾರೂ ತಿರುಗಲಿಲ್ಲ. ಟೀವಿಯನ್ನು ಯಾರೋ ಆರಿಸಿದ್ದರು. ಸದ್ದಿಲ್ಲದ ಕೋಣೆಯ ತುಂಬಾ ಜಗಳ ನಡೆದಿತ್ತು. ಕುರ್ಚಿಗಳನ್ನು ಅಡ್ಡಾದಿಡ್ಡಿ ಎಳೆದುಕೊಂಡು ಜನ ಗುಂಪು ಗುಂಪಾಗಿ ಎದುರುಬದುರು ನಿಂತಿದ್ದರು. ಎಲ್ಲಿ ನೋಡಿದರೂ ಕೈ, ಎಲ್ಲಿ ನೋಡಿದರೂ ಹುಬ್ಬು. ಆಕೆ ನಿಜ ಒಪ್ಪಿಕೊಂಡಳು, ಅವಳಿಗೇ ನನ್ನ ಮತ ಎಂದು ಒಬ್ಬ. ಸಿಕ್ಕಿಬಿದ್ದಮೇಲೆ ಒಪ್ಪಿಕೊಂಡರೆ ಏನು ಬಂತು ಎಂದು ಇನ್ನೊಬ್ಬಳು. ಆ ಮನುಷ್ಯ ಹೊಗಳಿದ್ದರಲ್ಲಿ ವಿಷ ಇತ್ತು ನೋಡಿದ್ಯಾ ಎಂದು ಬಾಗಿಲ ಹತ್ತಿರದ ಮುದುಕ ಪಕ್ಕದವನ ತೋಳು ತಿವಿಯುತ್ತಿದ್ದ. ಕೋಣೆಯ ಆ ತುದಿಯಲ್ಲಿ ಅಮ್ಮ ದೊಡ್ಡಪ್ಪನ ಜೊತೆ ಕೈಮಾತಿನಲ್ಲಿ ವಾದಕ್ಕೆ ನಿಂತಿದ್ದಳು. ಹೆಣಿಗೆ ಕುರ್ಚಿಯ ಕೆಳಗೆ ಬಿದ್ದಿತ್ತು, ನೂಲಿನ ಉಂಡೆ ಯಾರದೋ ಕಾಲಿಗೆ ಸುತ್ತಿಕೊಂಡಿತ್ತು.

ಅವಳು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಕಿಟಕಿಯ ಹತ್ತಿರ ನಿಂತಳು. ದೊಡ್ಡಪ್ಪನ ಮಾತಿಗೆ ಉತ್ತರ ಕೊಡಲು ಕೈ ಎತ್ತಿದ ಅಮ್ಮ ತನ್ನ ಕೈಗಳ ಮೇಲೆ ನೆರಳು ಬಿದ್ದದ್ದು ಕಂಡು ತಿರುಗಿದಳು. ಮಗಳ ಮುಖ ನೋಡಿದಳು. ಅವಳ ಕಣ್ಣು ಒಂದು ಕ್ಷಣ ಅಲ್ಲೇ ನಿಂತಿತು, ಬೆಳಗಿತು. ಕೂಡಲೇ ಅಂಗೈ ಅಲುಗಿಸಿ, ಆಚೆ ಸರಿ, ಬೆಳಕಿಗೆ ಅಡ್ಡ ನಿಲ್ಲಬೇಡ, ನಾನು ಮಾತಾಡ್ತಿದೀನಿ ಎಂದಳು.

ಅವಳು ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಸಂಜೆಯ ಬಿಸಿಲು ಕಿಟಕಿಯಿಂದ ನೇರವಾಗಿ ಒಳಗೆ ಬಂದು ಅಮ್ಮನ ಎರಡೂ ಕೈಗಳ ಮೇಲೆ ಬಿತ್ತು. ಆ ಕೈಗಳು ಬೆಳಕಿನಲ್ಲಿ ಏರಿ, ತಿರುಗಿ, ದೊಡ್ಡಪ್ಪನ ಮಾತನ್ನು ಅಲ್ಲಗಳೆಯತೊಡಗಿದವು.